ಗೋಡೆಯೊಳಗಿನ ಕಾಗದ

ಏನೂ ತಪ್ಪು ಮಾಡದ ಮನುಷ್ಯನೊಬ್ಬ ಹದಿನೆಂಟು ವರ್ಷ ಸೆರೆಯಲ್ಲಿ ಕೊಳೆತು ಹೊರಗೆ ಬರುತ್ತಾನೆ. ತನ್ನನ್ನು ಅಲ್ಲಿಗೆ ತಳ್ಳಿದ ಮನೆತನದ ಮೇಲೆ ಅವನಿಗೆ ಸಿಟ್ಟಿರುವುದು ಸಹಜವೇ. ಆದರೆ ಅದೇ ಮನೆತನದ ಹುಡುಗನನ್ನು ಅವನ ಒಬ್ಬಳೇ ಮಗಳು ಮೆಚ್ಚಿದರೆ?

ಚಾರ್ಲ್ಸ್ ಡಿಕನ್ಸ್ 1859ರಲ್ಲಿ ಬರೆದ 'ಎ ಟೇಲ್ ಆಫ್ ಟೂ ಸಿಟೀಸ್' ಕಾದಂಬರಿಯ ಡಾಕ್ಟರ್ ಮ್ಯಾನೆಟ್ ಸಿಕ್ಕಿಬಿದ್ದದ್ದು ಈ ಇಕ್ಕಟ್ಟಿನಲ್ಲಿ. ಈ ಕಥೆ ಓದಿದವರಿಗೆ ಗಿಲೊಟಿನ್ ನೆನಪಿರುತ್ತದೆ, ಗೆಳತಿಯ ಗಂಡನಿಗಾಗಿ ಪ್ರಾಣ ಕೊಟ್ಟ ಸಿಡ್ನಿ ಕಾರ್ಟನ್ ನೆನಪಿರುತ್ತಾನೆ. ಮುದಿ ಡಾಕ್ಟರು ಮಾತ್ರ ಮರೆತುಹೋಗುತ್ತಾರೆ. ತಂದೆ ತಾಯಂದಿರು ನೆನಪಿಡಬೇಕಾದವರು ಅವರೇ.

1757ರಲ್ಲಿ ಪ್ಯಾರಿಸ್ಸಿನ ಇಬ್ಬರು ಶ್ರೀಮಂತ ಸಹೋದರರು ಈ ತರುಣ ವೈದ್ಯನನ್ನು ಚಿಕಿತ್ಸೆಗೆಂದು ಕರೆದೊಯ್ಯುತ್ತಾರೆ. ಅವರ ದೌರ್ಜನ್ಯಕ್ಕೆ ಸಿಕ್ಕಿ ಸಾಯುತ್ತಿದ್ದ ಬಡ ರೈತರ ಮಕ್ಕಳನ್ನು, ಒಬ್ಬ ಅಕ್ಕ ಮತ್ತು ಅವಳ ತಮ್ಮನನ್ನು, ವೈದ್ಯ ಅಲ್ಲಿ ಕಾಣುತ್ತಾನೆ. ಸುಮ್ಮನಿರಲಾರದೆ ಮಂತ್ರಿಗೆ ದೂರು ಬರೆಯುತ್ತಾನೆ. ಆಗಿನ ಫ್ರಾನ್ಸಿನಲ್ಲಿ ರಾಜಮುದ್ರೆಯ ಒಂದು ಆಜ್ಞಾಪತ್ರವಿದ್ದರೆ ಸಾಕು, ವಿಚಾರಣೆಯಿಲ್ಲದೆ ಯಾರನ್ನಾದರೂ ಸೆರೆಗೆ ಹಾಕಬಹುದಿತ್ತು. ದೂರು ಕೊಟ್ಟವನೇ ಬ್ಯಾಸ್ಟಿಲ್ ಕೋಟೆ ಸೇರಿದ. ಮನೆಯಲ್ಲಿ ಹೆಂಡತಿ ಬಸುರಿ.

ಹತ್ತು ವರ್ಷ ಕಳೆಯಿತು. ಹೆಂಡತಿ ಬದುಕಿದ್ದಾಳೋ ಸತ್ತಳೋ ಎಂಬ ಒಂದು ಮಾತನ್ನೂ ಆ ಸಹೋದರರು ತಿಳಿಸಲಿಲ್ಲ. 1767ರಲ್ಲಿ ಆತ ಹೊಗೆಯ ಮಸಿಗೆ ತನ್ನದೇ ರಕ್ತ ಬೆರೆಸಿ, ತುಕ್ಕು ಹಿಡಿದ ಕಬ್ಬಿಣದ ಮೊನೆಯಿಂದ ಎಲ್ಲವನ್ನೂ ಬರೆದ. ಕೊನೆಯಲ್ಲಿ ಸಹೋದರರನ್ನಷ್ಟೇ ಅಲ್ಲ, ಅವರ ವಂಶದ ಕಟ್ಟಕಡೆಯವರನ್ನೂ ಶಪಿಸಿದ. ಆ ವಂಶದ ಎರಡು ಮೂರು ವರ್ಷದ ಕೂಸೊಂದನ್ನು ಆತ ಕಣ್ಣಾರೆ ಕಂಡಿದ್ದ. ದೊಡ್ಡವರ ಪಾಪ ಈ ಮಗುವಿಗೆ ತಟ್ಟದಿರಲಿ ಎಂದು ಅದರ ತಾಯಿ ಇವನೆದುರು ಮರುಗಿದ್ದಳು. ಸಿಟ್ಟಿಗೆ ಅದು ನೆನಪಾಗಲಿಲ್ಲ. ಬರೆದ ಕಾಗದವನ್ನು ಹೊಗೆಗೂಡಿನ ಗೋಡೆಯಲ್ಲಿ ಹುದುಗಿಸಿಟ್ಟ.

1775ರಲ್ಲಿ ಬಿಡುಗಡೆಯಾದಾಗ ಅವನಿಗೆ ತನ್ನ ಹೆಸರೇ ಮರೆತಿತ್ತು. ಹೆಸರು ಕೇಳಿದರೆ ಕೋಣೆಯ ಸಂಖ್ಯೆ ಹೇಳುತ್ತಿದ್ದ. ಸೆರೆಯಲ್ಲಿ ಕಲಿತ ಚಪ್ಪಲಿ ಹೊಲಿಯುವ ಕೆಲಸವೊಂದೇ ಗೊತ್ತು. ಎಂದೂ ಕಾಣದ ಮಗಳು ಲೂಸಿ ಲಂಡನ್ನಿಗೆ ಕರೆದೊಯ್ದು, ಪ್ರೀತಿಯಿಂದಲೇ ಅವನನ್ನು ಮತ್ತೆ ಮನುಷ್ಯನನ್ನಾಗಿ ಮಾಡಿದಳು. ಅವಳ ಕೈ ಕೇಳಿ ಬಂದ ಚಾರ್ಲ್ಸ್ ಡಾರ್ನೆ ಆ ಹಳೆಯ ಕೂಸೇ! ಮನೆತನದ ಆಸ್ತಿ, ಬಿರುದು ಎರಡನ್ನೂ ಬಿಟ್ಟು ದುಡಿದು ತಿನ್ನುತ್ತಿದ್ದ ಯುವಕ. ಅವನು ತನ್ನ ನಿಜ ಹೆಸರು ಹೇಳಹೊರಟಾಗ ಡಾಕ್ಟರು ಬಾಯಿ ಮುಚ್ಚಿಸಿ, ಮದುವೆಯ ಬೆಳಿಗ್ಗೆ ಹೇಳು ಎಂದರು. ಆ ಬೆಳಿಗ್ಗೆ ಕೇಳಿದಾಗ ಮುಖ ಬಿಳಿಚಿತು. ಮದುವೆ ಮಾತ್ರ ನಿಲ್ಲಲಿಲ್ಲ. ಮಗಳು ಗಾಡಿ ಹತ್ತಿ ಹೋದ ಮೇಲೆ ಡಾಕ್ಟರು ಒಂಬತ್ತು ದಿನ ಯಾರನ್ನೂ ಗುರುತಿಸದೆ ಚಪ್ಪಲಿ ಹೊಲಿದರು. ದ್ವೇಷವನ್ನು ನುಂಗುವುದು ಸುಲಭವಲ್ಲ ಎಂಬುದನ್ನು ಡಿಕನ್ಸ್ ಒಂದು ಉಪದೇಶವನ್ನೂ ಹೇಳದೆ ತೋರಿಸುವುದು ಹೀಗೆ.

ಪ್ರೀತಿ ಗೆದ್ದಿತಲ್ಲ, ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ 1789ರ ಜುಲೈ 14ರಂದು ಜನ ಬ್ಯಾಸ್ಟಿಲ್‌ಗೆ ನುಗ್ಗಿದಾಗ ಆ ಕಾಗದ ಸಿಕ್ಕಿತು. 1793ರ ಕೊನೆಗೆ ಕ್ರಾಂತಿಯ ನ್ಯಾಯಾಲಯದಲ್ಲಿ ಅದನ್ನು ಓದಿದರು. ಅಳಿಯನಿಗೆ ಮರಣದಂಡನೆ, ಆರೋಪ ಹೊರಿಸಿದವರ ಸಾಲಿನಲ್ಲಿ ಮಾವನ ಹೆಸರು! ಡಾಕ್ಟರು ಎಂದೋ ಕ್ಷಮಿಸಿದ್ದರು, ಅಳಿಯನನ್ನು ಉಳಿಸಲು ಹಗಲಿರುಳು ಓಡಾಡಿದ್ದರು. ಮನಸ್ಸು ಬದಲಾಗಿತ್ತು, ಕಾಗದ ಬದಲಾಗಿರಲಿಲ್ಲ. ವಂಶದ ಕಟ್ಟಕಡೆಯ ಕುಡಿ ಎಂದರೆ ಈಗ ಅವರದೇ ಪುಟ್ಟ ಮೊಮ್ಮಗಳು.

ಹಿರಿಯರ ಕಷ್ಟ ಮಕ್ಕಳ ತಲೆಯ ಮೇಲೆ ಬೀಳುವುದು ಡಿಕನ್ಸರಿಗೆ ಕೇಳಿ ಗೊತ್ತಿದ್ದ ವಿಷಯವಲ್ಲ. 1824ರಲ್ಲಿ ಅವರ ತಂದೆ ಸಾಲಕ್ಕಾಗಿ ಮಾರ್ಷಲ್‌ಸೀ ಸೆರೆಮನೆ ಸೇರಿದಾಗ, ಹನ್ನೆರಡು ವರ್ಷದ ಹುಡುಗ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ.

ನಮ್ಮ ಮನೆಗಳಲ್ಲಿ ಬ್ಯಾಸ್ಟಿಲ್ ಇಲ್ಲ, ನಿಜ. ಆದರೆ ಗದ್ದೆಯ ಬದುವಿನ ಜಗಳ, ಪಾಲಿನ ಜಗಳ, ಮದುವೆಯಲ್ಲಿ ಮರ್ಯಾದೆ ಸಾಲದ ಜಗಳ ಇವೆ. "ದೊಡ್ಡಪ್ಪನ ಮಕ್ಕಳ ಜೊತೆ ಆಡಬೇಡ" ಎಂದು ಒಂದು ದಿನ ರೇಗಿ ಹೇಳಿಬಿಡುತ್ತೇವೆ. ನಾಲ್ಕು ವರ್ಷಕ್ಕೆ ಅಣ್ಣತಮ್ಮಂದಿರು ಒಂದಾಗಿ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಮಕ್ಕಳ ಮನಸ್ಸಿನ ಗೋಡೆಯಲ್ಲಿ ಹುದುಗಿದ ಆ ಮಾತನ್ನು ತೆಗೆಯುವವರು ಯಾರು? ತಂದೆ ತಾಯಿ ರಾಜಿಯಾದರೆ ಸಾಲದು. ರಾಜಿಯಾದೆವೆಂದು ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕು.

ವಿದ್ಯಾರ್ಥಿಗಳೇ, ಅನ್ಯಾಯವಾದರೆ ದೂರು ಕೊಡಿ, ಸುಮ್ಮನಿರಬೇಡಿ. ಡಾಕ್ಟರು ಮಂತ್ರಿಗೆ ಬರೆದ ಮೊದಲ ಕಾಗದದಲ್ಲಿ ತಪ್ಪೇನೂ ಇರಲಿಲ್ಲ. ಎರಡನೆಯದರಲ್ಲೂ ತಪ್ಪು ಮಾಡಿದವರನ್ನು ಬಿಟ್ಟು ಅವರ ಮಕ್ಕಳತ್ತ ತಿರುಗಿದ ಆ ಕೊನೆಯ ಸಾಲು ಮಾತ್ರ ಬೇಡವಾಗಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಗಾದೆ ನಮ್ಮಲ್ಲಿದೆ. ಕಾಗದಕ್ಕಾದರೆ ಅಂಚೆ ಡಬ್ಬಿಯವರೆಗೆ ನಡೆಯುವಷ್ಟು ಸಮಯವಿತ್ತು. ಮೊಬೈಲಿನಲ್ಲಿ ಅದೂ ಇಲ್ಲ. ಸಿಟ್ಟಿನಲ್ಲಿ ಬರೆದದ್ದನ್ನು ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಆ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ ನೋಡಿ.