ದೇವರ ಹೆಸರಿನ ಉಯಿಲಿಗೆ ತೆರಿಗೆ ಏಕೆ ಕೂಡದು: ಒಂದು ಪ್ರತ್ಯುತ್ತರ

ಮಠಕ್ಕೆ, ದೇವಸ್ಥಾನಕ್ಕೆ, ಚರ್ಚಿಗೆ, ದರ್ಗಾಕ್ಕೆ ಉಯಿಲಿನ ಮೂಲಕ ಬಿಟ್ಟ ಆಸ್ತಿಯನ್ನು ದತ್ತಿ ಎಂದು ಎಣಿಸಬಾರದು, ಅದಕ್ಕೆ ಸಿಗುವ ತೆರಿಗೆ ವಿನಾಯಿತಿಯನ್ನು ತೆಗೆದುಹಾಕಬೇಕು ಎಂಬ ವಾದ ಮತ್ತೆ ಮತ್ತೆ ಕೇಳಿಬರುತ್ತದೆ. ಹಾಗೆ ವಾದಿಸುವವರಲ್ಲಿ ನಾನು ಗೌರವಿಸುವವರು ಹಲವರಿದ್ದಾರೆ. ಅವರ ಕೆಲವು ಅನುಮಾನಗಳು ನನಗೂ ಇವೆ. ಆದರೆ ಅವರು ಮುಂದಿಡುವ ಕಾರಣಗಳಲ್ಲಿ ಹೆಚ್ಚಿನವು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಒಂದೆರಡು ನ್ಯಾಯದ ಮುಂದೆಯೂ ನಿಲ್ಲುವುದಿಲ್ಲ. ಅವಕ್ಕೆ ಇಲ್ಲಿ ಉತ್ತರ ಕೊಡುತ್ತೇನೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ನುಗಳ ಸಂಖ್ಯೆ ಬದಲಾಗಿದೆ. ವಕೀಲರಿಗೂ ಆಡಿಟರುಗಳಿಗೂ ಬಾಯಿಪಾಠವಾಗಿರುವುದು 1961ರ ಕಾಯ್ದೆಯ ಸಂಖ್ಯೆಗಳು. ಹಾಗಾಗಿ ಅವನ್ನೇ ಬಳಸಿದ್ದೇನೆ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಆಪಾದನೆ, ಇದೆಲ್ಲ ಸಿರಿವಂತರು ತೆರಿಗೆ ಉಳಿಸಲು ಹೂಡಿದ ಉಪಾಯ ಎಂಬುದು. ಉಳಿಸುವವರು ಯಾರು ಎಂದು ಕೇಳಬೇಕು. ಸತ್ತವರ ಆಸ್ತಿಯ ಮೇಲೆ ಈ ದೇಶದಲ್ಲಿ ಈಗ ತೆರಿಗೆಯೇ ಇಲ್ಲ. 1953ರ ಎಸ್ಟೇಟ್ ಡ್ಯೂಟಿ ಕಾಯ್ದೆ 1985ರಲ್ಲಿ ರದ್ದಾಯಿತು. ತಂದೆ ಜಯನಗರದ ಮನೆಯನ್ನು ಮಗನಿಗೆ ಬರೆದಿಟ್ಟು ತೀರಿಕೊಂಡರೆ ಮಗ ಆ ಮನೆಗೆಂದು ಒಂದು ರೂಪಾಯಿ ಆದಾಯ ತೆರಿಗೆ ಕಟ್ಟಬೇಕಿಲ್ಲ. ಉಯಿಲಿನಿಂದ ಬಂದದ್ದು ಸೆಕ್ಷನ್ 56ರ ಪ್ರಕಾರ ಆದಾಯವಾಗುವುದೇ ಇಲ್ಲ. ಅದೇ ಮನೆಯನ್ನು ಪಕ್ಕದ ಬೀದಿಯ ದೇವಸ್ಥಾನದ ಟ್ರಸ್ಟಿಗೆ ಬರೆದರೆ ತೆರಿಗೆ ಹಾಕಿ ಎನ್ನುತ್ತೀರಲ್ಲ, ಮಗನಿಗಿಲ್ಲದ ತೆರಿಗೆಯನ್ನು ದೇವಸ್ಥಾನಕ್ಕೆ ಯಾವ ನ್ಯಾಯದಿಂದ ಹಾಕುತ್ತೀರಿ?

ದಾನಿಗೆ 80ಜಿ ರಿಯಾಯಿತಿ ಸಿಗುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಸಿಗುವುದಿಲ್ಲ. 80ಜಿ ಅನ್ವಯಿಸುವುದು ಹಣದ ರೂಪದ ದಾನಕ್ಕೆ. ಮನೆ, ಜಮೀನು, ಒಡವೆಗೆ ಅದು ದಕ್ಕದು. ಉಯಿಲಾದರೋ ಜಾರಿಗೆ ಬರುವುದೇ ಬರೆದವರು ಕಣ್ಮುಚ್ಚಿದ ಮೇಲೆ. ಆಗ ರಿಟರ್ನ್ಸ್‌ನಲ್ಲಿ ಕಡಿತ ಕೇಳಲು ಅವರೇ ಇರುವುದಿಲ್ಲ. ತೆರಿಗೆಯ ಲೆಕ್ಕದಲ್ಲಿ ತನಗೆ ಬಿಡಿಗಾಸಿನ ಪ್ರಯೋಜನವೂ ಇಲ್ಲದೆ ಕೊಡುವ ಕೊಡುಗೆ ಯಾವುದಾದರೂ ಇದ್ದರೆ ಅದು ಇದೇ.

ಎರಡನೆಯ ಆಕ್ಷೇಪ ಗಂಭೀರವಾದದ್ದು: ಶಾಲೆ, ಆಸ್ಪತ್ರೆ, ಬಡವರ ಊಟ ಇವು ದತ್ತಿ, ಪೂಜೆ, ಪ್ರಾರ್ಥನೆ, ಉತ್ಸವ ನಂಬುವವರ ಖಾಸಗಿ ವಿಷಯ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ನಮ್ಮ ಕಾನೂನು ಹಾಕಿಯೇ ಇಲ್ಲ. ಇಂಗ್ಲೆಂಡಿನಲ್ಲಿ 1891ರ ಪೆಮ್ಸೆಲ್ ಪ್ರಕರಣದಲ್ಲಿ ಲಾರ್ಡ್ ಮ್ಯಾಕ್ನಾಟನ್ ದತ್ತಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಬಡವರ ನೆರವು, ಶಿಕ್ಷಣ, ಧರ್ಮದ ಅಭ್ಯುದಯ, ಸಮುದಾಯಕ್ಕೆ ಒಳಿತಾಗುವ ಇತರ ಕಾರ್ಯ. ಅಲ್ಲಿ ಧರ್ಮಕಾರ್ಯ ದತ್ತಿಯ ಒಳಗೇ ಬಂತು. ಭಾರತದಲ್ಲಿ ಬೇರೆ ದಾರಿ ಹಿಡಿದರು. 1890ರ ಚಾರಿಟಬಲ್ ಎಂಡೋಮೆಂಟ್ಸ್ ಕಾಯ್ದೆಯೇ ಬರಿಯ ಧಾರ್ಮಿಕ ಬೋಧನೆ ಮತ್ತು ಪೂಜೆಯನ್ನು ದತ್ತಿಯ ವ್ಯಾಖ್ಯೆಯಿಂದ ಹೊರಗಿಟ್ಟಿತ್ತು. ಆದಾಯ ತೆರಿಗೆ ಕಾಯ್ದೆಯ 2(15)ರಲ್ಲಿ ಬಡವರ ನೆರವು, ಶಿಕ್ಷಣ, ವೈದ್ಯಕೀಯ ನೆರವು, ಸಾರ್ವಜನಿಕ ಉಪಯೋಗದ ಇತರ ಉದ್ದೇಶಗಳಿವೆ. ಆಮೇಲೆ ಪರಿಸರ, ಸ್ಮಾರಕಗಳ ರಕ್ಷಣೆ, ಯೋಗ ಸೇರಿಕೊಂಡವು. ಧರ್ಮ ಆ ಪಟ್ಟಿಯಲ್ಲಿಲ್ಲ. ಆದರೆ ಸೆಕ್ಷನ್ 11 ವಿನಾಯಿತಿ ಕೊಡುವಾಗ ದತ್ತಿ ಉದ್ದೇಶ ಅಥವಾ ಧಾರ್ಮಿಕ ಉದ್ದೇಶ ಎಂದು ಎರಡನ್ನೂ ಬೇರೆಬೇರೆಯಾಗಿಯೇ ಹೆಸರಿಸಿತು. ಅಂದರೆ ಧಾರ್ಮಿಕ ಸಂಸ್ಥೆ ತನ್ನ ಸ್ವಂತ ಹೆಸರಿನಲ್ಲೇ ವಿನಾಯಿತಿ ಪಡೆಯುತ್ತದೆ, ದತ್ತಿಯ ವೇಷ ತೊಟ್ಟು ಪಡೆಯುತ್ತಿಲ್ಲ. ಧರ್ಮ ದತ್ತಿಯಲ್ಲ ಎಂದು ನೀವು ಎಷ್ಟು ಬಲವಾಗಿ ಸಾಧಿಸಿದರೂ ಈ ವಿನಾಯಿತಿ ಅಲುಗುವುದಿಲ್ಲ.

ಹಾಗಾದರೆ ಆ ವಿನಾಯಿತಿಯೇ ತಪ್ಪು ಎನ್ನುವವರಿಗೆ ಒಂದು ಉಯಿಲನ್ನು ತೋರಿಸಬೇಕು. ಸಬ್‌ರಿಜಿಸ್ಟ್ರಾರ್ ಕಚೇರಿಯ ಹೊರಗೆ ಕೂತ ಪತ್ರ ಬರಹಗಾರರು ದಿನವೂ ಬರೆಯುವಂಥದು. ಸ್ವಸ್ಥಚಿತ್ತದಿಂದ, ಯಾರ ಒತ್ತಾಯಕ್ಕೂ ಒಳಗಾಗದೆ ಬರೆಸಿದ ಮರಣಶಾಸನ ಎಂಬ ಒಕ್ಕಣೆ. ಕೊನೆಯಲ್ಲಿ ಷೆಡ್ಯೂಲು, ಚಕ್ಕುಬಂದಿ. ನಡುವೆ ಮೂರು ಸಾಲು: ಎರಡು ಅಂಗಡಿ ಮಳಿಗೆಗಳ ಬಾಡಿಗೆಯಿಂದ ಈಶ್ವರ ದೇವಸ್ಥಾನದಲ್ಲಿ ನಂದಾದೀಪ ಉರಿಯತಕ್ಕದ್ದು; ರಥೋತ್ಸವದ ದಿನ ಅನ್ನಸಂತರ್ಪಣೆ ನಡೆಯತಕ್ಕದ್ದು; ಮಿಕ್ಕ ಹಣದಲ್ಲಿ ಊರಿನ ಶಾಲೆಯ ಮಕ್ಕಳಿಗೆ ನೋಟುಪುಸ್ತಕ ಕೊಡಿಸತಕ್ಕದ್ದು. ಇದರಲ್ಲಿ ಧರ್ಮ ಎಷ್ಟು, ದತ್ತಿ ಎಷ್ಟು? ದೀಪದ ಎಣ್ಣೆ ಧರ್ಮ, ಪುಸ್ತಕ ದತ್ತಿ ಎಂದು ಬಿಡಿಸಬಹುದು. ಊಟ? ನೈವೇದ್ಯವಾದ ಮೇಲೆಯೇ ಎಲೆ ಹಾಕುತ್ತಾರೆ. ಆದರೆ ಪಂಕ್ತಿಯಲ್ಲಿ ಕೂತವನ ಹಸಿವು ಆಸ್ತಿಕನದೋ ನಾಸ್ತಿಕನದೋ ಎಂದು ಬಡಿಸುವವರು ಕೇಳುವುದಿಲ್ಲ. ಆಕ್ಷೇಪಿಸುವವರ ಮಾತು ಕೇಳಿದರೆ ತೆರಿಗೆ ಅಧಿಕಾರಿ ಆ ಪಂಕ್ತಿಯ ನಡುವೆ ನಿಂತು ಗೆರೆ ಎಳೆಯಬೇಕಾಗುತ್ತದೆ.

ಈ ಬೆಸುಗೆ ನಿನ್ನೆ ಮೊನ್ನೆಯದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಹೊಂದಿಕೊಂಡ ಕೋಡಿಯ ಮಠವಿತ್ತು. 1162ರ ಶಾಸನ ಆ ಮಠವನ್ನು ಬಣ್ಣಿಸುವಾಗ ಶಿವಪೂಜೆಯ ಜೊತೆಗೇ ವೇದ, ವ್ಯಾಕರಣ, ದರ್ಶನಗಳ ಪಾಠವನ್ನು ಹೇಳುತ್ತದೆ. ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನ ಇಕ್ಕುವುದನ್ನು ಹೇಳುತ್ತದೆ. ರೋಗಿಗಳಿಗೆ ಔಷಧಿ ಕೊಡುವುದನ್ನೂ ಹೇಳುತ್ತದೆ. ಅದನ್ನು ಬರೆದವರಿಗೆ ಇವು ನಾಲ್ಕು ಬೇರೆ ಬೇರೆ ಖಾತೆಗಳಾಗಿ ಕಾಣಲಿಲ್ಲ. ಇವತ್ತಿನ ಸಿದ್ಧಗಂಗೆಯ ದಾಸೋಹದಲ್ಲಿ, ಧರ್ಮಸ್ಥಳದ ಅನ್ನಛತ್ರದಲ್ಲಿ ಕಾಣುವುದೂ ಅದೇ ಪದ್ಧತಿ. ಪೂಜೆಯನ್ನು ಬಿಟ್ಟು ಊಟವನ್ನಷ್ಟೇ ನಡೆಸಿ ಎಂದರೆ ಕೊಡುವವರ ಕೈ ಹಿಂದೆ ಸರಿಯುತ್ತದೆ. ಉಯಿಲು ಬರೆಸುವ ವೃದ್ಧರ ಮನಸ್ಸನ್ನು ಬಲ್ಲ ಯಾರೂ ಇದನ್ನು ಅಲ್ಲಗಳೆಯಲಾರರು.

ಇಲ್ಲಿಯೇ ನನ್ನ ಕಡೆಯವರಿಗೂ ಒಂದು ಮಾತು ಹೇಳಬೇಕು. ಹಾಗಿದ್ದರೆ ಪೂಜೆ-ಉತ್ಸವಕ್ಕೆ ಕೊಟ್ಟ ಹಣಕ್ಕೂ 80ಜಿ ಕೊಡಿ ಎಂದು ಕೇಳುವ ಭಕ್ತರಿದ್ದಾರೆ. ನಾನು ಒಪ್ಪುವುದಿಲ್ಲ. ಸಂಸ್ಥೆಗೆ ಬಂದ ಆಸ್ತಿಗೆ ತೆರಿಗೆ ಹಾಕದಿರುವುದು ಒಂದು. ಕೊಟ್ಟವರ ತೆರಿಗೆಯಲ್ಲಿ ಪಾಲು ಬಿಟ್ಟುಕೊಡುವುದು ಇನ್ನೊಂದು. ಎರಡನೆಯದರಲ್ಲಿ ಇತರರೂ ಆ ದಾನದ ಭಾರ ಹೊರುತ್ತಾರೆ. ಆದ್ದರಿಂದಲೇ 80ಜಿ ಪೂರ್ತಿಯಾಗಿ ಅಥವಾ ಬಹುಮಟ್ಟಿಗೆ ಧಾರ್ಮಿಕವಾದ ಉದ್ದೇಶವನ್ನು ಹೊರಗಿಟ್ಟಿದೆ. 80ಜಿ ಮಾನ್ಯತೆ ಪಡೆದ ಸಂಸ್ಥೆ ವರ್ಷದ ಆದಾಯದಲ್ಲಿ ಶೇಕಡಾ 5ರವರೆಗೆ ಮಾತ್ರ ಧಾರ್ಮಿಕ ವೆಚ್ಚ ಮಾಡಬಹುದು. ಸರ್ಕಾರ ಅಧಿಸೂಚನೆ ಹೊರಡಿಸಿದ ಐತಿಹಾಸಿಕ ಅಥವಾ ಪ್ರಸಿದ್ಧ ಆರಾಧನಾ ಸ್ಥಳಗಳ ಜೀರ್ಣೋದ್ಧಾರಕ್ಕೆ ಮಾತ್ರ ವಿನಾಯಿತಿ ಇದೆ. ಈ ಗೆರೆ ಸರಿಯಾದ ಕಡೆ ಬಿದ್ದಿದೆ.

ಮೂರನೆಯ ಆಕ್ಷೇಪ: ಮನೆದೇವರ ಹೆಸರಿನಲ್ಲಿ ಟ್ರಸ್ಟ್ ಮಾಡಿ, ಮಕ್ಕಳು ಮೊಮ್ಮಕ್ಕಳೇ ಟ್ರಸ್ಟಿಗಳಾಗಿ, ಆಸ್ತಿಯನ್ನು ಮನೆಯೊಳಗೇ ಉಳಿಸಿಕೊಳ್ಳುತ್ತಾರೆ. ಹೌದು, ಹೀಗೆ ಮಾಡುವವರಿದ್ದಾರೆ. ಕಾನೂನಿಗೂ ಇದು ಗೊತ್ತಿದೆ. ಸಾರ್ವಜನಿಕರಿಗೆ ದಕ್ಕದ ಖಾಸಗಿ ಧಾರ್ಮಿಕ ಟ್ರಸ್ಟಿನ ಆದಾಯಕ್ಕೆ 13(1)(ಎ) ಪ್ರಕಾರ ವಿನಾಯಿತಿಯೇ ಇಲ್ಲ. ಸಾರ್ವಜನಿಕ ಟ್ರಸ್ಟಿನಲ್ಲೂ ಸ್ಥಾಪಕರಿಗೆ, ಟ್ರಸ್ಟಿಗಳಿಗೆ, ಅವರ ನೆಂಟರಿಗೆ ಲಾಭ ಹರಿದರೆ 13(1)(ಸಿ) ಅಡ್ಡ ನಿಲ್ಲುತ್ತದೆ. ದೇವರು ಕೂಡ ತೆರಿಗೆಯಿಂದ ತಾನಾಗಿ ಪಾರಾಗುವುದಿಲ್ಲ: ಹಿಂದೂ ದೇವತಾಮೂರ್ತಿ ಕಾನೂನಿನ ದೃಷ್ಟಿಯಲ್ಲಿ ಒಬ್ಬ ವ್ಯಕ್ತಿ, ಅದರ ಆದಾಯಕ್ಕೆ ತೆರಿಗೆ ವಿಧಿಸಬಹುದು ಎಂದು ಕಲ್ಕತ್ತೆಯ ಯೋಗೇಂದ್ರನಾಥ ನಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1969ರಲ್ಲೇ ಹೇಳಿತು.

ಖಾಸಗಿ, ಸಾರ್ವಜನಿಕ ಎಂದು ಬೇರ್ಪಡಿಸುವುದು ಹೇಗೆ? ಈ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಕ್ಕಿದ್ದು ಒಂದು ಉಯಿಲಿನ ವ್ಯಾಜ್ಯದಲ್ಲೇ. ಉತ್ತರ ಪ್ರದೇಶದ ಸೀತಾಪುರ ಜಿಲ್ಲೆಯ ಹಳ್ಳಿಯೊಂದರ ಶಿವಗುಲಾಮ್ ಎಂಬ ಮಕ್ಕಳಿಲ್ಲದ ಭಕ್ತ, ತಾನು ಕಟ್ಟಿಸಿದ ರಾಧಾಕೃಷ್ಣ ಗುಡಿಗೆ ಜಮೀನನ್ನು 1919ರ ಉಯಿಲಿನಲ್ಲಿ ಬಿಟ್ಟ. ಗುಡಿ ಮನೆತನದ್ದೋ ಊರಿನದೋ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ದೇವಕಿ ನಂದನ್ ಮತ್ತು ಮುರಳೀಧರ್ ನಡುವಿನ ಆ ಪ್ರಕರಣದಲ್ಲಿ ನ್ಯಾಯಮೂರ್ತಿ ವೆಂಕಟರಾಮ ಅಯ್ಯರ್ 1956ರಲ್ಲಿ ತೀರ್ಪು ಬರೆದರು. ದತ್ತಿಯ ನಿಜವಾದ ಫಲಾನುಭವಿ ಮೂರ್ತಿಯಲ್ಲ, ಅದನ್ನು ಪೂಜಿಸಲು ಬರುವ ಜನ ಎಂಬುದು ಅದರ ತಿರುಳು. ಆಮೇಲೆ ಅವರು ನೋಡಿದ್ದು ಸಂಗತಿಗಳನ್ನು. ಮೂರ್ತಿಯನ್ನು ಇಟ್ಟದ್ದು ವಾಸದ ಮನೆಯೊಳಗಲ್ಲ, ಅದಕ್ಕೆಂದೇ ಖಾಲಿ ನಿವೇಶನದಲ್ಲಿ ಕಟ್ಟಿದ ಬೇರೆ ಕಟ್ಟಡದಲ್ಲಿ. ಪೂಜೆಗೆ ನೇಮಕವಾದ ಅರ್ಚಕರಿದ್ದರು. ಊರ ಜನ ಬಂದು ಪೂಜಿಸುತ್ತಿದ್ದರು. ಮಕ್ಕಳಿಲ್ಲದವನು ಯಾವ ವಂಶದ ಅನುಕೂಲಕ್ಕೆ ಗುಡಿ ಕಟ್ಟಿಯಾನು? ಗುಡಿ ಸಾರ್ವಜನಿಕ ಎಂದಾಯಿತು. ಬಾಗಿಲು ಯಾರಿಗೆ ತೆರೆದಿದೆ ಎಂದು ನೋಡುವ ಈ ಪರೀಕ್ಷೆಗಿಂತ ಒಳ್ಳೆಯದನ್ನು ಆಕ್ಷೇಪಿಸುವವರು ಯಾರೂ ಇದುವರೆಗೆ ಸೂಚಿಸಿಲ್ಲ. ಅಧಿಕಾರಿಗಳು ಇದನ್ನು ಬಿಗಿಯಾಗಿ ಬಳಸಲಿ. ಹತ್ತು ಕಪಟ ಟ್ರಸ್ಟುಗಳು ಸಿಕ್ಕಿಬೀಳಲಿ. ಅವುಗಳ ಪಾಪವನ್ನು ಊರಿನ ಗುಡಿಯ ಮೇಲೆ ಹೊರಿಸುವುದು ಬೇಡ.

ಒಂದೇ ಮತದವರಿಗೆ ಉಪಯೋಗವಾಗುವುದನ್ನು ಸಾರ್ವಜನಿಕ ಎನ್ನಬಹುದೇ ಎಂದೂ ಕೇಳುತ್ತಾರೆ. ಒಂದು ಧರ್ಮ ಅಥವಾ ಜಾತಿಗೆ ಮೀಸಲಾದದ್ದು ಎಂಬ ಕಾರಣಕ್ಕೆ ವಿನಾಯಿತಿ ನಿರಾಕರಿಸುವ 13(1)(ಬಿ) ಇರುವುದು ದತ್ತಿ ಟ್ರಸ್ಟುಗಳಿಗೆ. ಧಾರ್ಮಿಕ ಉದ್ದೇಶಕ್ಕೆ ಆ ಮಾತು ಹೇಳಿದರೆ ಅರ್ಥವೇ ಉಳಿಯುವುದಿಲ್ಲ, ಏಕೆಂದರೆ ಆರಾಧನೆ ಯಾವುದೋ ಒಂದು ಶ್ರದ್ಧೆಯದೇ ಆಗಿರುತ್ತದೆ. ಧರ್ಮ, ದತ್ತಿ ಎರಡೂ ಬೆರೆತ ಸಂಸ್ಥೆಯ ವಿಚಾರ 2014ರಲ್ಲಿ ದಾವೂದಿ ಬೋಹ್ರಾ ಜಮಾತ್ ಪ್ರಕರಣದಲ್ಲಿ ಬಂದಾಗ, ಸುಪ್ರೀಂ ಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು.

ಸಾಯುವ ಹೊತ್ತಿನಲ್ಲಿ ಸ್ವಾಮಿಗಳೋ ಪಾದ್ರಿಗಳೋ ಮುಲ್ಲಾಗಳೋ ಪುಸಲಾಯಿಸಿ ಬರೆಸಿಕೊಳ್ಳುತ್ತಾರೆ ಎಂಬ ಭಯ ಹಳೆಯದು. ಆ ಭಯದಿಂದಲೇ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ 118ನೆಯ ಸೆಕ್ಷನ್ ಇತ್ತು. ಅದು ಮುಖ್ಯವಾಗಿ ತಟ್ಟಿದ್ದು ಕ್ರೈಸ್ತರಿಗೆ. ಮಂಗಳೂರಿನ ಅವಿವಾಹಿತ ಕ್ರೈಸ್ತ ಮಹಿಳೆಯೊಬ್ಬಳಿಗೆ ಅಣ್ಣನ ಮಗನಿದ್ದಾನೆ ಎಂದುಕೊಳ್ಳಿ. ಅವಳು ತನ್ನ ಮನೆಯನ್ನು ಅನಾಥಾಲಯಕ್ಕೆ ಬಿಡಬೇಕಾದರೆ ಉಯಿಲು ಸಾವಿಗೆ ಕನಿಷ್ಠ 12 ತಿಂಗಳು ಮೊದಲು ಬರೆದದ್ದಾಗಿರಬೇಕು, ಬರೆದ 6 ತಿಂಗಳೊಳಗೆ ಅದನ್ನು ಕಾನೂನು ಗೊತ್ತುಮಾಡಿದ ಕಡೆ ಠೇವಣಿ ಇಟ್ಟಿರಬೇಕು. ಹನ್ನೊಂದನೆಯ ತಿಂಗಳಲ್ಲಿ ತೀರಿಕೊಂಡರೆ ಉಯಿಲಿನ ಆ ಭಾಗ ವ್ಯರ್ಥ. ಅದೇ ಮನೆಯನ್ನು ಗೆಳತಿಗೋ ಅಪರಿಚಿತರಿಗೋ ಬಿಟ್ಟರೆ ಯಾವ ಅಡ್ಡಿಯೂ ಇರಲಿಲ್ಲ. ಕೇರಳದ ಪಾದ್ರಿ ಜಾನ್ ವಲ್ಲಮಟ್ಟಂ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಈ ಸೆಕ್ಷನ್ನನ್ನು ಸಂವಿಧಾನದ 14ನೆಯ ವಿಧಿಗೆ ವಿರುದ್ಧ ಎಂದು ತಳ್ಳಿಹಾಕಿತು. ದಾನ ಮಾಡುವವರನ್ನೆಲ್ಲ ಸಂಶಯದಿಂದ ನೋಡುವ ಕಾನೂನು ಎಂಥ ಅನ್ಯಾಯ ಮಾಡುತ್ತದೆ ಎಂಬುದಕ್ಕೆ ಇದೊಂದೇ ಸಾಕು. ತೆರಿಗೆಯ ದಾರಿಯಿಂದ ಅದೇ ಸಂಶಯವನ್ನು ಮತ್ತೆ ಒಳಗೆ ಬಿಟ್ಟುಕೊಳ್ಳುವುದೇಕೆ?

ಪುಸಲಾವಣೆ, ಬಲವಂತಕ್ಕೆ ಮದ್ದು ಬೇರೆಯೇ ಇದೆ. ವಂಚನೆಯಿಂದ, ಒತ್ತಾಯದಿಂದ ಬರೆಸಿದ ಉಯಿಲು ಅದೇ ಉತ್ತರಾಧಿಕಾರ ಕಾಯ್ದೆಯ 61ನೆಯ ಸೆಕ್ಷನ್ ಪ್ರಕಾರ ಅಸಿಂಧು. ಉಯಿಲು ಬರೆಸುವುದರಲ್ಲಿ ತಾನೇ ಮುಂದಾಗಿ ನಿಂತು ಅದರಿಂದ ದೊಡ್ಡ ಲಾಭ ಪಡೆದವನು, ಅನುಮಾನವನ್ನು ನಿವಾರಿಸುವ ಹೊಣೆ ತನ್ನದೇ ಎಂದು ತಿಳಿಯಬೇಕು. ನಮ್ಮ ಮೈಸೂರು ಸೀಮೆಯಿಂದಲೇ ಹೋದ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಪ್ರಕರಣದ ತೀರ್ಪು ಇದು. ಇವತ್ತಿಗೂ ಉಯಿಲಿನ ವ್ಯಾಜ್ಯಗಳಲ್ಲಿ ವಕೀಲರು ಮೊದಲು ತೆರೆಯುವುದು ಆ ತೀರ್ಪನ್ನೇ. ಮಠದ ಮ್ಯಾನೇಜರೇ ಮುಂದೆ ನಿಂತು ಉಯಿಲು ಬರೆಸಿದ್ದರೆ ಅದನ್ನು ಪ್ರಶ್ನಿಸಿ, ರದ್ದು ಮಾಡಿಸಿ. ಅದಕ್ಕೆ ನನ್ನ ಬೆಂಬಲವಿದೆ. ತೆರಿಗೆ ಹಾಕಿದರೆ ಮೋಸದ ಉಯಿಲು ಸಾಚಾ ಆಗುವುದಿಲ್ಲ.

ಜಾತ್ಯತೀತ ಸರ್ಕಾರ ಧರ್ಮಕ್ಕೆ ವಿನಾಯಿತಿ ಕೊಡಬಾರದು ಎಂಬ ವಾದಕ್ಕೆ ಉದ್ದನೆಯ ಉತ್ತರ ಬೇಕಿಲ್ಲ. ಸಂವಿಧಾನದ 27ನೆಯ ವಿಧಿ ತಡೆಯುವುದು ಯಾವುದೋ ಒಂದು ಧರ್ಮದ ಪೋಷಣೆಗೆಂದೇ ತೆರಿಗೆ ವಸೂಲು ಮಾಡುವುದನ್ನು. ಎಲ್ಲ ಧರ್ಮಗಳಿಗೂ ಸಮನಾಗಿ ತೆರಿಗೆ ಹಾಕದಿರುವುದನ್ನು ಅದು ತಡೆಯುವುದಿಲ್ಲ. 26ನೆಯ ವಿಧಿ ಧಾರ್ಮಿಕ ಪಂಗಡಗಳಿಗೆ ಆಸ್ತಿ ಪಡೆಯುವ ಹಕ್ಕನ್ನೇ ಕೊಟ್ಟಿದೆ.

ಕೊನೆಯ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. ಬಂದ ಆಸ್ತಿಯನ್ನು ಕೂಡಿಟ್ಟುಕೊಂಡು ಕೂರುತ್ತಾರೆ, ಲೆಕ್ಕ ಕೊಡುವುದಿಲ್ಲ ಎಂಬುದು ಅದು. ಕಾಯ್ದೆಯ ಪ್ರಕಾರ ಹಾಗೆ ಕೂರುವಂತಿಲ್ಲ. ವಿನಾಯಿತಿ ಬೇಕಾದರೆ ನೋಂದಣಿ ಇರಬೇಕು, ವರ್ಷದ ಆದಾಯದ ಶೇಕಡಾ 85ನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು, ಅಥವಾ ಕಾರಣ ಹೇಳಿ ಗರಿಷ್ಠ 5 ವರ್ಷಕ್ಕೆ ಕಾದಿಡಬೇಕು. ಇಡುಗಂಟಿಗೆಂದು ಬಂದ ಹಣವನ್ನು ನಿಗದಿತ ರೀತಿಯಲ್ಲೇ ಹೂಡಬೇಕು. ಆದರೆ ಒಂದು ಕಡೆ ಕಾನೂನು ಸಡಿಲವಾಗಿದೆ. ಹೆಸರಿಲ್ಲದ ಕಾಣಿಕೆಗೆ ದತ್ತಿ ಸಂಸ್ಥೆಗಳು 115ಬಿಬಿಸಿ ಪ್ರಕಾರ ನಿಗದಿತ ಮಿತಿ ಮೀರಿದ್ದಕ್ಕೆ ಶೇಕಡಾ 30 ತೆರಿಗೆ ಕಟ್ಟಬೇಕು. ಪೂರ್ತಿ ಧಾರ್ಮಿಕ ಸಂಸ್ಥೆಗಳಿಗೆ ಅದು ಅನ್ವಯಿಸುವುದಿಲ್ಲ. ಹುಂಡಿಗೆ ಬಿದ್ದ ಹತ್ತು ರೂಪಾಯಿಗೆ ಹೆಸರು ಕೇಳಲಾಗದು, ಸರಿ. ಲಕ್ಷಗಳ ಕಟ್ಟು ಬಿದ್ದಾಗ? ಅಲ್ಲಿ ಒಂದು ಮಿತಿ ಬರಲಿ ಎಂದು ನಾನೂ ಕೇಳುತ್ತೇನೆ.

ಉಯಿಲಿನ ಸಂಗತಿ ಇದಕ್ಕೆ ನೇರ ಎದುರು. ಬರೆದವರ ಹೆಸರು, ತಂದೆಯ ಹೆಸರು, ವಿಳಾಸ, ಇಬ್ಬರು ಸಾಕ್ಷಿಗಳ ರುಜು, ಆಸ್ತಿಯ ನಾಲ್ಕೂ ದಿಕ್ಕಿನ ಗಡಿ, ಯಾವುದಕ್ಕೆ ಬಳಸಬೇಕೆಂಬ ಅಪ್ಪಣೆ, ಎಲ್ಲವೂ ಅದರಲ್ಲಿರುತ್ತದೆ. ಆಕ್ಷೇಪಿಸುವವರು ಬಯಸುವ ಪಾರದರ್ಶಕತೆ ಧಾರ್ಮಿಕ ಸಂಸ್ಥೆಗೆ ಬರುವ ಬೇರೆ ಯಾವ ಕಾಣಿಕೆಯಲ್ಲೂ ಇಷ್ಟಿಲ್ಲ. ಲೆಕ್ಕಪತ್ರ ಬಿಗಿಯಾಗಬೇಕು ಎಂಬ ಅವರ ಹೋರಾಟ ಹುಂಡಿಯಿಂದ ಆರಂಭವಾಗಲಿ. ಅಲ್ಲಿ ನಾನು ಅವರ ಜೊತೆಗಿದ್ದೇನೆ.