ಮದ್ದು ಇದೆ, ಆದರೂ ಮಕ್ಕಳು ಸಾಯುತ್ತಿದ್ದಾರೆ!

ರೈತ ಬಂಧುಗಳೇ, ಕೂಲಿಕಾರ ತಾಯಂದಿರೇ, ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ,

ಮುಂಗಾರು ಬಿತ್ತನೆ ಇನ್ನೂ ಮುಗಿದಿಲ್ಲ. ಅಷ್ಟರಲ್ಲೇ ನಮ್ಮ ತಾಲ್ಲೂಕಿನಲ್ಲಿ ಇನ್ನೊಂದು ಮನೆಯ ದೀಪ ಆರಿದೆ. ಚಾಪೆ ಹಾಸಿ ನೆಲದ ಮೇಲೆ ಮಲಗಿದ್ದ ಹುಡುಗ ನಡುರಾತ್ರಿ ಹೊಟ್ಟೆನೋವು ಅಂತ ಎದ್ದ. ಮೈಮೇಲೆ ಗಾಯ ಕಾಣಲಿಲ್ಲ, ಊತವೂ ಇರಲಿಲ್ಲ. ಬೆಳಗಿನ ಜಾವಕ್ಕೆ ರೆಪ್ಪೆ ಎತ್ತಲಾಗಲಿಲ್ಲ, ಮಾತು ತೊದಲಿತು. ಗಾಳಿ ಸೋಕಿದೆ ಎಂದರು ಯಾರೋ. ಮಂತ್ರ ಹಾಕುವವನ ಮನೆಗೆ ಹೊತ್ತುಕೊಂಡು ಹೋದರು. ಅವನು ದಾರ ಕಟ್ಟಿದ, ಬೂದಿ ಹಚ್ಚಿದ, ಕಾಣಿಕೆ ತೆಗೆದುಕೊಂಡ. ಅಲ್ಲಿಂದ ಆಸ್ಪತ್ರೆಗೆ ಬಂದರೆ ಇಂಜೆಕ್ಷನ್ ಇಲ್ಲ, ಜಿಲ್ಲಾಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು. ದಾರಿಯಲ್ಲೇ ಉಸಿರು ನಿಂತಿತು.

ಹುಡುಗನನ್ನು ಕಚ್ಚಿದ್ದು ಕಟ್ಟುಹಾವು. ಕೊಂದದ್ದು ಯಾರು? ಇದಕ್ಕೆ ಉತ್ತರ ಬೇಕು ಎಂದೇ ಈ ಕರಪತ್ರ ನಿಮ್ಮ ಕೈಗೆ ಬಂದಿದೆ.

ಇದಕ್ಕೆ ಮದ್ದು ಇದೆ. ನಿನ್ನೆ ಮೊನ್ನೆ ಕಂಡುಹಿಡಿದದ್ದೂ ಅಲ್ಲ. 1890ರ ದಶಕದಲ್ಲೇ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಹಾವಿನ ವಿಷಕ್ಕೆ ಪ್ರತಿವಿಷ ತಯಾರಿಸಿದ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚುತ್ತಾರೆ. ಅದರ ರಕ್ತದಲ್ಲಿ ವಿಷವನ್ನು ಹಿಡಿದು ನಿಲ್ಲಿಸುವ ಪ್ರತಿಕಾಯಗಳು ಹುಟ್ಟುತ್ತವೆ. ಅವನ್ನು ಶುದ್ಧಮಾಡಿ ಒಣಪುಡಿಯಾಗಿ ಪುಟ್ಟ ಸೀಸೆಯಲ್ಲಿ ತುಂಬುತ್ತಾರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ನಮ್ಮ ದೇಶದಲ್ಲೇ ತಯಾರಾಗುವ ಒಂದೇ ಮದ್ದು ಸಾಕು. ಮುತ್ತಜ್ಜನ ಕಾಲದ ಈ ಮದ್ದು ಮರಿಮಗನ ತೋಳಿಗೆ ಇನ್ನೂ ತಲುಪಿಲ್ಲ!

ಒಬ್ಬ ಹುಡುಗ ತಾನೇ ಎನ್ನಬೇಡಿ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ವರ್ಷಕ್ಕೆ ಸುಮಾರು 58,000 ಜನ. ಲೆಕ್ಕ ಹಾಕಿ: ಒಂಬತ್ತು ನಿಮಿಷಕ್ಕೆ ಒಂದು ಹೆಣ. ಅವರಲ್ಲಿ ಕಾಲು ಪಾಲಿಗಿಂತ ಹೆಚ್ಚು 15 ವರ್ಷದೊಳಗಿನ ಮಕ್ಕಳು. ನೀವು ಈ ಹಾಳೆಯನ್ನು ಓದಿ ಮುಗಿಸುವ ಹೊತ್ತಿಗೆ ಎಲ್ಲೋ ಒಂದು ಅಂಗಳದಲ್ಲಿ ಬೊಬ್ಬೆ ಎದ್ದಿರುತ್ತದೆ. ಅಲ್ಲಿಯೂ ಇದೇ ಕತೆ: ಮದ್ದು ಇತ್ತು, ಮಗು ಸತ್ತಿತು.

ಸಾಯುವವರು ಯಾರು? ಮಂಚವಿಲ್ಲದೆ ನೆಲದಲ್ಲಿ ಮಲಗುವವರು. ಬರಿಗಾಲಲ್ಲಿ ಕಳೆ ಕೀಳುವವರು. ಟಾರ್ಚಿಲ್ಲದೆ ರಾತ್ರಿ ನೀರು ಕಟ್ಟಲು ಗದ್ದೆಗೆ ಹೋಗುವವರು. ವಿಧಾನಸೌಧದ ಮೆಟ್ಟಿಲಲ್ಲಿ ಕೊಳಕುಮಂಡಲ ಮಲಗಿರುವುದಿಲ್ಲ. ಮಲಗಿದ್ದರೆ ಮರುದಿನ ಬೆಳಿಗ್ಗೆಯೇ ರಾಜ್ಯದ ಪ್ರತಿ ಉಪಕೇಂದ್ರಕ್ಕೂ ಪೆಟ್ಟಿಗೆಗಟ್ಟಲೆ ಮದ್ದು ಬಂದು ಬೀಳುತ್ತಿತ್ತು.

ವಿಜ್ಞಾನ ಅಂದರೆ ಇದು

ವಿಜ್ಞಾನ ಏಕೆ ಬೇಕು ಎಂದು ಕೇಳುವವರಿಗೆ ನಾವು ರಾಕೆಟ್ ತೋರಿಸುವುದಿಲ್ಲ. ಒಂದು ಗಾಜಿನ ಕೊಳವೆ ತೋರಿಸುತ್ತೇವೆ. ಹಾವು ಕಚ್ಚಿದವರ ಸ್ವಲ್ಪ ರಕ್ತವನ್ನು ಒಣಗಿದ ಹೊಸ ಗಾಜಿನ ಕೊಳವೆಯಲ್ಲಿ ಹಾಕಿ, ಅಲುಗಿಸದೆ 20 ನಿಮಿಷ ಇಡಬೇಕು. ಆಮೇಲೂ ಹೆಪ್ಪುಗಟ್ಟದೆ ನೀರಾಗಿ ಹರಿದರೆ ಮಂಡಲದ ವಿಷ ಏರಿದೆ ಎಂದರ್ಥ. ಕೂಡಲೇ ಪ್ರತಿವಿಷ ಕೊಡಬೇಕು. ಇದಕ್ಕೆ ಕೋಟಿ ರೂಪಾಯಿಯ ಯಂತ್ರ ಬೇಡ. ಒಂದು ಕೊಳವೆ, ಒಂದು ಗಡಿಯಾರ, ಅದನ್ನು ಓದಬಲ್ಲ ಒಬ್ಬ ನರ್ಸ್ ಸಾಕು. ಕಣ್ಣಿಗೆ ಕಂಡದ್ದನ್ನು ಪರೀಕ್ಷೆಗೆ ಒಡ್ಡುವುದು, ಪರೀಕ್ಷೆ ಹೇಳಿದ್ದನ್ನು ಒಪ್ಪುವುದು: ಬಡವನ ಪ್ರಾಣ ಉಳಿಸುವ ವಿಜ್ಞಾನ ಇಷ್ಟೇ.

ಇದು ಪರದೇಶದ ವಿದ್ಯೆ ಎಂದು ಮೂಗು ಮುರಿಯುವವರು ಚೆನ್ನೈ ಹತ್ತಿರಕ್ಕೆ ಹೋಗಿ ನೋಡಲಿ. ತಲೆತಲಾಂತರದಿಂದ ಹಾವು ಹಿಡಿಯುತ್ತಾ ಬಂದ ಇರುಳ ಸಮುದಾಯದವರು 1978ರಲ್ಲಿ ಕಟ್ಟಿದ ಸಹಕಾರ ಸಂಘ ಅಲ್ಲಿದೆ. ದೇಶದ ಮದ್ದು ತಯಾರಿಕೆಗೆ ಬೇಕಾದ ವಿಷದ ಬಹುಪಾಲು ಬರುತ್ತಿರುವುದು ಆ ಬಡವರ ಕೈಯಿಂದ. ಬಡವರ ಕೈ ವಿಷ ತೆಗೆದುಕೊಟ್ಟಿತು. ಆ ಮದ್ದು ಮಾತ್ರ ಬಡವರ ಊರಿಗೆ ಬರಲಿಲ್ಲ!

ಮಂತ್ರದ ಅಂಗಡಿ

ನಮ್ಮಜ್ಜ ಮಂತ್ರದಿಂದಲೇ ಬದುಕಿದ್ದರು ಎನ್ನುತ್ತೀರಾ? ಸಂತೋಷ. ಭಾರತದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ವಿಷದವು ಸುಮಾರು 60. ವಿಷದ ಹಾವು ಕೂಡ ಕಚ್ಚಿದಾಗಲೆಲ್ಲ ವಿಷ ಬಿಡುವುದಿಲ್ಲ. ಕೇರೆ ಕಚ್ಚಿದವರನ್ನು ಬದುಕಿಸಲು ಮಂತ್ರವೇ ಬೇಕೆ? ಮಗ್ಗಿ ಹೇಳಿದರೂ ಬದುಕುತ್ತಾರೆ! ಬದುಕಿದರೆ ಮಂತ್ರದ ಮಹಿಮೆ, ಸತ್ತರೆ ಹಣೆಬರಹ. ಎರಡು ಕಡೆಯೂ ತಾನೇ ಗೆಲ್ಲುವ ಇಂಥ ವ್ಯಾಪಾರ ಎಪಿಎಂಸಿ ದಲ್ಲಾಳಿಗೂ ಗೊತ್ತಿಲ್ಲ.

ನಂಬಿಕೆಗೆ ಧಕ್ಕೆಯಾಗುತ್ತದೆ ಎನ್ನುತ್ತಾರೆ ಇನ್ನು ಕೆಲವರು. ಆಗಲಿ! ತಾಯಿಯ ಮಡಿಲಲ್ಲಿ ಮಗುವಿನ ಉಸಿರು ನಿಂತದ್ದು ಯಾರ ನಂಬಿಕೆಗೂ ಧಕ್ಕೆ ತರಲಿಲ್ಲವಲ್ಲ! ನಾಗಪ್ಪನಿಗೆ ಪೂಜೆ ಮಾಡಬೇಡಿ ಎಂದು ನಾವು ಹೇಳಿಲ್ಲ. ಪಂಚಮಿಗೆ ತಂಬಿಟ್ಟು ತಿನ್ನಿ, ಜೋಕಾಲಿ ಆಡಿ. ಆದರೆ ಹಾವು ಕಚ್ಚಿದ ದಿನ ಹುತ್ತದ ಮುಂದೆ ಕೂತರೆ ಪ್ರಾಣ ಉಳಿಯುವುದಿಲ್ಲ.

ಕಾನೂನೂ ನಮ್ಮ ಕಡೆಗಿದೆ. 2017ರಲ್ಲಿ ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ ಕಾಯ್ದೆ ಮಾಡಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ನಾಯಿ, ಹಾವು, ಚೇಳು ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ಸಿಗದಂತೆ ತಡೆದು ಮಂತ್ರ ತಂತ್ರ ಮಾಡುವುದು ಆ ಕಾಯ್ದೆಯಂತೆ ಅಪರಾಧ. ನಮ್ಮ ಹುಡುಗನಿಗೆ ದಾರ ಕಟ್ಟಿದವನ ಅಂಗಡಿ ಮಾತ್ರ ಇವತ್ತೂ ತೆರೆದಿದೆ. ಕಾಯ್ದೆ ಪುಸ್ತಕದಲ್ಲಿ, ಮದ್ದು ಗೋದಾಮಿನಲ್ಲಿ, ಹುಡುಗ ಮಣ್ಣಿನಲ್ಲಿ!

ಬರೀ ಮಂತ್ರವಾದಿಯನ್ನು ಬೈದು ಕೈ ತೊಳೆದುಕೊಳ್ಳಬೇಡಿ

ಮಂತ್ರವಾದಿಯ ಬಾಗಿಲು ನಡುರಾತ್ರಿಯೂ ತೆರೆದಿರುತ್ತದೆ. ಆಸ್ಪತ್ರೆಯ ಬಾಗಿಲು? ಜನ ಮೂಢರು ಎಂದು ಭಾಷಣ ಬಿಗಿಯುವವರು ಮೊದಲು ಇದಕ್ಕೆ ಉತ್ತರ ಕೊಡಲಿ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಒಳ್ಳೆಯ ಕೆಲಸ, ಒಪ್ಪುತ್ತೇವೆ. ಸತ್ತವರನ್ನು ಸರಿಯಾಗಿ ಎಣಿಸಿದರಾಯಿತೇ? ಬದುಕಿಸುವುದು ಯಾವಾಗ? ಪ್ರತಿವಿಷ ಕೊಟ್ಟಾಗ ಕೆಲವರಿಗೆ ಅಲರ್ಜಿಯಾಗಬಹುದು ಎಂಬ ಭಯಕ್ಕೆ ರೋಗಿಯನ್ನು ಮುಂದಿನ ಊರಿಗೆ ಸಾಗಹಾಕುವ ವೈದ್ಯರೇ, ಆ ಅಲರ್ಜಿಗೆ ಅಡ್ರಿನಲಿನ್ ಎಂಬ ಅಗ್ಗದ ಮದ್ದು ಇದೆ ಎಂದು ನಿಮಗೆ ನಾವು ಹೇಳಿಕೊಡಬೇಕೇ? ನಿಮ್ಮ ಭಯಕ್ಕೆ ನಮ್ಮ ಮಕ್ಕಳು ಬೆಲೆ ತೆರಬೇಕೇ?

ಇನ್ನು ನಮ್ಮವರೇ ಎಂದು ಹೇಳಿಕೊಳ್ಳುವ ವಿಚಾರವಾದಿ ಮಿತ್ರರ ಮಾತು. ಫೆಬ್ರವರಿ 28ರ ವಿಜ್ಞಾನ ದಿನ ಬಂತೆಂದರೆ ಸರ್ ಸಿ.ವಿ. ರಾಮನ್ ಚಿತ್ರಕ್ಕೆ ಹಾರ, ಮೈಕಿನಲ್ಲಿ ಎರಡು ಗಂಟೆ ಭಾಷಣ, ಆಮೇಲೆ ಕಾಫಿ. ಟಿವಿ ಸ್ಟುಡಿಯೋದಲ್ಲಿ ಜ್ಯೋತಿಷಿಯ ಜೊತೆ ಕಿರುಚಾಡಲು ನಿಮಗೆ ಪುರುಸೊತ್ತಿದೆ. ಹಳ್ಳಿಯ ಆಸ್ಪತ್ರೆಯ ಫ್ರಿಜ್ ತೆಗೆದು ನೋಡಲು ಇಲ್ಲ. ಗೌರಿಬಿದನೂರು ಸೀಮೆಯ ಹೊಸೂರಿನ ಬಡಮನೆಯಿಂದ ಬಂದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿ ದೊಡ್ಡ ದೊಡ್ಡವರನ್ನೇ ಎದುರು ಹಾಕಿಕೊಂಡರು. ಅವರ ಹೆಸರಲ್ಲಿ ಸಭೆ ಮಾಡುವ ನೀವು ಒಬ್ಬ ಆರೋಗ್ಯಾಧಿಕಾರಿಯನ್ನು ಎದುರು ಹಾಕಿಕೊಳ್ಳಲು ಹೆದರುತ್ತೀರಿ!

ಮೊಬೈಲ್ ಮುಂದೆ ನಾಗರಹಾವಿಗೆ ಮುತ್ತಿಟ್ಟು ರೀಲ್ಸ್ ಮಾಡುವ ವೀರರಿಗೂ ಒಂದು ಮಾತು. ನಿಮ್ಮ ಲೈಕು ನಿಮಗಿರಲಿ. ನಿಮ್ಮನ್ನು ನೋಡಿ ಹಾವಿಗೆ ಕೈ ಹಾಕುವ ಹುಡುಗರ ಹೊಣೆಯನ್ನೂ ನೀವೇ ಹೊರಿ.

ನಾವು ಕೇಳುವುದು ಭಿಕ್ಷೆಯಲ್ಲ

ಸಂವಿಧಾನದ 51ಎ(ಎಚ್) ವಿಧಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ಪ್ರತಿ ನಾಗರಿಕನ ಕರ್ತವ್ಯವೆಂದು ಹೇಳುತ್ತದೆ. 1976ರ ತಿದ್ದುಪಡಿಯಲ್ಲಿ ಬಂದ ಮಾತು ಇದು. ಕರ್ತವ್ಯ ನಮಗೆ, ಮದ್ದು ಯಾರಿಗೆ? ಪ್ರಶ್ನೆ ಕೇಳಿ ಎಂದು ಶಾಲೆಯಲ್ಲಿ ಕಲಿಸುತ್ತೀರಿ. ಇಗೋ ಕೇಳುತ್ತಿದ್ದೇವೆ. ಮಲೆನಾಡಿನ ಹಿಪ್ನೇಲ್ ಜಾತಿಯ ಗುಳಿಮಂಡಲಕ್ಕೆ ಈಗಿನ ಮದ್ದು ನಾಟುವುದಿಲ್ಲ. ಅದಕ್ಕೆ ಹೊಸ ಮದ್ದು ಎಲ್ಲಿ? ಒಂದೇ ಜಾತಿಯ ಹಾವಿನ ವಿಷ ಊರಿಂದ ಊರಿಗೆ ಬೇರೆ ಬೇರೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೇ ತೋರಿಸಿಕೊಟ್ಟಿದ್ದಾರೆ. ಅವರ ಮಾತು ಕೇಳುವವರು ಎಲ್ಲಿ?

ಹಣ ಇಲ್ಲ ಎಂಬ ಹಳೇ ರಾಗ ಬೇಡ. ಜಯಂತಿಗೆ, ಉತ್ಸವಕ್ಕೆ, ಆಳೆತ್ತರದ ಫ್ಲೆಕ್ಸಿಗೆ ಹಣ ಉಂಟು. ಸೀಸೆಗೆ ಮಾತ್ರ ಬರಗಾಲ! ಈ ವ್ಯವಸ್ಥೆ ಬದಲಾಗಬೇಕು. ವಿಜ್ಞಾನ ಬಡವರ ಮನೆ ಬಾಗಿಲಿಗೆ ಬರಬೇಕು. ಬರುವವರೆಗೂ ನಾವು ಸುಮ್ಮನಿರುವುದಿಲ್ಲ.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದನ್ನು ಮಾಡಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಕಚ್ಚಿದ ಕೈಕಾಲು ಅಲುಗದಂತೆ ನೋಡಿಕೊಂಡು ನೇರ ಆಸ್ಪತ್ರೆಗೆ ಒಯ್ಯಿರಿ. 108ಕ್ಕೆ ಕರೆ ಮಾಡಿ. ಹಾವನ್ನು ಹುಡುಕುತ್ತಾ ಕೂತು ಹೊತ್ತು ಕಳೆಯಬೇಡಿ. ರಾತ್ರಿ ಟಾರ್ಚ್ ಹಿಡಿಯಿರಿ. ನೆಲದಲ್ಲಿ ಮಲಗುವುದಾದರೆ ಸೊಳ್ಳೆಪರದೆಯನ್ನು ಚಾಪೆಯಡಿ ಸಿಕ್ಕಿಸಿ ಮಲಗಿ.

ಪಂಚಮಿ ಬರುವ ಮೊದಲು, ಪ್ರತಿ ಊರಿನಿಂದ ಕನಿಷ್ಠ ಒಂದು ಗಾಡಿ ಜನ ತಾಲ್ಲೂಕು ಕಚೇರಿಯ ಎದುರು ಸೇರಬೇಕು. ಮದ್ದು ಎಷ್ಟಿದೆ, ಯಾವ ಆಸ್ಪತ್ರೆಯಲ್ಲಿದೆ, ರಾತ್ರಿ ಕೊಡುವವರು ಯಾರು ಎಂದು ಎಲ್ಲರೂ ಒಂದೇ ದನಿಯಲ್ಲಿ ಕೇಳಬೇಕು. ಇವತ್ತು ಅವರ ಮನೆ, ನಾಳೆ ನಮ್ಮ ಮನೆ.

ಮಂತ್ರಕ್ಕೆ ಕಾಯಬೇಡಿ, ಆಸ್ಪತ್ರೆಗೆ ಓಡಿ!
ಮದ್ದಿಲ್ಲ ಎಂದರೆ ಸುಮ್ಮನೆ ವಾಪಸ್ ಬರಬೇಡಿ!
ಓದಿ, ಓದಿಸಿ, ಪಕ್ಕದ ಊರಿಗೂ ತಲುಪಿಸಿ!