ಕೂಸಿಗೊಂದು ಮನೆ

ಮಾಂಟೆಸರಿ ಎಂದೊಡನೆ ನಮಗೆ ನೆನಪಾಗುವುದು ದುಬಾರಿ ಶುಲ್ಕದ ಶಾಲೆ. ಆದರೆ 1907ರಲ್ಲಿ ಮರಿಯಾ ಮಾಂಟೆಸರಿಯವರು ರೋಮ್ ನಗರದ ಸಾನ್ ಲೊರೆಂಜೊ ಬಡಾವಣೆಯಲ್ಲಿ ಮೊದಲ 'ಮಕ್ಕಳ ಮನೆ' ತೆರೆದುದು ಕೂಲಿಕಾರರ ಮಕ್ಕಳಿಗಾಗಿ. ತಾಯಿತಂದೆಯರು ದುಡಿಮೆಗೆ ಹೋದಾಗ ಆ ಎಳೆಯರು ಗೋಡೆಗಳನ್ನು ಕೆಡಿಸುವರೆಂಬುದೇ ಕಟ್ಟಡದೊಡೆಯರ ಚಿಂತೆಯಾಗಿತ್ತು!

ಶಹಾಬಾದಿನ ಕಲ್ಲುಗಣಿಯಲ್ಲಿ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ತೊಗರಿಹೊಲಗಳಲ್ಲಿ ದುಡಿಯುವ ತಾಯಿಯ ಕಷ್ಟವೂ ಇದೇ. 1975ರಲ್ಲಿ ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ಪಾಠ, ಆಟಗಳು ಮೂರು ವರ್ಷ ತುಂಬಿದವರಿಗೆ. ಅದಕ್ಕೂ ಚಿಕ್ಕವರಿಗಾಗಿ, ಉದ್ಯೋಗ ಖಾತರಿ ಕೂಲಿಯ ತಾಯಂದಿರನ್ನು ನೆನೆದು, ನಮ್ಮ ರಾಜ್ಯ 2023ರಲ್ಲಿ ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಯೋಜನೆಯನ್ನು ತಂದಿತು.

ಕೂಲಿಯ ಹೊತ್ತಿಗೇ ಅದರ ಬಾಗಿಲು ತೆರೆಯಬೇಕು. ಇಲ್ಲವಾದರೆ ಕೂಸನ್ನು ಎತ್ತಿಕೊಳ್ಳುವುದಕ್ಕಾಗಿ ಅದರ ಅಕ್ಕ ಶಾಲೆ ಬಿಡುವಳು. ಒಂದು ತೊಟ್ಟಿಲು ತಪ್ಪಿದರೆ ಎರಡು ಬಾಲ್ಯಗಳಿಗೆ ನಷ್ಟ.